ಓಸಿ ವೇಗದ ಕಥೆ

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ "ಅಂಗಡಿಯವನು ಟೋಪಿ ಹಾಕಿದ ಕಣೋ" ಅಂತಲೇ ಶುರು ಮಾಡಿದ. ಹೊಸ ಕಂಪ್ಯೂಟರ್ ಜೋಡಿಸಿಕೊಂಡಿದ್ದಾನೆ. ರೈಜನ್ ಪ್ರೊಸೆಸರು, ಡಿಡಿಆರ್5 ಮೆಮೊರಿ. ಮೆಮೊರಿಯ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 6000 ಅಂತಿದೆ, ವಿಂಡೋಸ್ ತೋರಿಸ್ತಿರೋದು 4800. ಡಬ್ಬ ಒಂದು, ಒಳಗಿನ ಮಾಲು ಇನ್ನೊಂದು ಅನ್ನೋದು ಅವನ ವಾದ. ಮೋಸ ಏನೂ ಇಲ್ಲ ಮಾರಾಯ, ಬಯಾಸ್ ಒಳಗೆ ಹೋಗಿ ಎಕ್ಸ್‌ಪೋ ಅಂತ ಒಂದಿರುತ್ತೆ, ಅದನ್ನ ಆನ್ ಮಾಡು ಅಂದೆ. "ಹಾಗಾದ್ರೆ ಅವರೇ ಆನ್ ಮಾಡಿ ಯಾಕೆ ಕೊಡಲ್ಲ?" ಅಂದ.

ಒಳ್ಳೇ ಪ್ರಶ್ನೆ. ಉತ್ತರ ಹೇಳೋಕೆ ಅರ್ಧ ಗಂಟೆ ಹಿಡೀತು, ಆದ್ರೂ ಪೂರ್ತಿ ಆಗಲಿಲ್ಲ. ಉಳಿದದ್ದನ್ನ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಓವರ್‌ಕ್ಲಾಕಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? 'ಅತಿವೇಗೀಕರಣ' ಅಂತ ಬರೆದರೆ ನೀವೆಲ್ಲ ಸೇರಿ ನನ್ನನ್ನ ಅಟ್ಟಾಡಿಸ್ತೀರಿ. ಕಾರ್ಖಾನೆಯವರು ಗೊತ್ತುಮಾಡಿ ಕೊಟ್ಟ ವೇಗಕ್ಕಿಂತ ಜೋರಾಗಿ ಪ್ರೊಸೆಸರನ್ನು ಓಡಿಸೋದು, ಅಷ್ಟೆ. ಆ ಹುಚ್ಚಿನವರು ಚಿಕ್ಕದಾಗಿ ಓಸಿ ಅಂತಾರೆ. ನಮ್ಮಲ್ಲಿ ಓಸಿ ಅನ್ನೋ ಮಾತಿಗೆ ಎರಡು ಅರ್ಥ ನೋಡಿ. ಒಂದು ಪುಕ್ಕಟೆ. ಇನ್ನೊಂದು, ಪೊಲೀಸರು ಆಗಾಗ ದಾಳಿ ಮಾಡಿ ಹಿಡಿಯೋ ಅಂಕಿ ಜೂಜು, ಅಂದ್ರೆ ಮಟ್ಕಾ. ಎರಡೂ ಅರ್ಥ ಇದಕ್ಕೆ ಸರಿಯಾಗಿ ಒಪ್ಪುತ್ತೆ :-)

ಈ ಇತಿಹಾಸವನ್ನ ಎಲ್ಲರೂ ಪ್ರೊಸೆಸರಿನ ಕಥೆ ಅಂತಲೇ ಹೇಳ್ತಾರೆ. ಇಷ್ಟು ಮೆಗಾಹರ್ಟ್ಸ್‌ನದ್ದು ಅಷ್ಟಕ್ಕೆ ಹೋಯ್ತು, ಇಂಥಾ ಫ್ಯಾನ್ ಹಾಕಿದೆ, ಇಷ್ಟು ಬಿಸಿ ಆಯ್ತು... ನನ್ನ ಪ್ರಕಾರ ಅದು ಅರ್ಧ ಕಥೆ. ಓಸಿ ವೇಗ ಸಿಕ್ಕಿದ್ದು ಪ್ರೊಸೆಸರಿನಿಂದ, ನಿಜ. ಅದರ ಬಿಲ್ಲು ಬಂದದ್ದು ಮಾತ್ರ ಹೆಚ್ಚಾಗಿ ಮೆಮೊರಿಯ ಹೆಸರಿಗೆ. ಮೆಮೊರಿಯನ್ನ ಅದರ ತಾಳದಲ್ಲಿ ಇಟ್ಟುಕೊಂಡವರು ಗೆದ್ದರು. ಇಟ್ಟುಕೊಳ್ಳದವರಲ್ಲಿ ಕೆಲವರಿಗೆ ಸೋತದ್ದೂ ಗೊತ್ತಾಗಲಿಲ್ಲ. ನಾನೂ ಆ ಪೈಕಿ. ಅದನ್ನ ಮುಂದೆ ಹೇಳ್ತೀನಿ.

ಮೊದಲಿಂದ ಬರೋಣ. 1981ರ ಐಬಿಎಂ ಪಿಸಿಯಲ್ಲಿದ್ದ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. ಯಾಕೆ ಇಂಥಾ ವಿಚಿತ್ರ ಅಂಕಿ ಅಂದ್ರೆ, ಅಮೆರಿಕದ ಟೀವಿಯ ಬಣ್ಣದ ಸಂಕೇತಕ್ಕೆ ಹೊಂದುವ 14.318 ಮೆಗಾಹರ್ಟ್ಸ್ ಕ್ರಿಸ್ಟಲ್ ಒಂದನ್ನೇ ಹಾಕಿ, ಅದನ್ನ ಮೂರರಿಂದ ಭಾಗಿಸಿ ಪ್ರೊಸೆಸರಿಗೆ ಕೊಟ್ಟಿದ್ದರು. 1984ರಲ್ಲಿ ಬಂದ ಪಿಸಿ ಎಟಿಯಲ್ಲಿ 286 ಪ್ರೊಸೆಸರು 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದರ ಕ್ರಿಸ್ಟಲ್ 12ರದ್ದು. ಅದನ್ನ ಕಿತ್ತು 16ರದ್ದು ಹಾಕಿದರೆ ಯಂತ್ರ 8ಕ್ಕೆ ಓಡುತ್ತಿತ್ತು. ಜನ ಹಾಕಿಯೇ ಹಾಕಿದರು. ಐಬಿಎಂಗೆ ಇದು ಇಷ್ಟವಾಗದೆ, ಆಮೇಲಿನ ಬಯಾಸ್‌ನಲ್ಲಿ ವೇಗವನ್ನ ಅಳೆದು ನೋಡಿ ಜಾಸ್ತಿಯಿದ್ದರೆ ತಕರಾರು ತೆಗೆಯುವ ಪರೀಕ್ಷೆ ಸೇರಿಸಿತು. 1986ರಲ್ಲಿ ತಾನೇ 8 ಮೆಗಾಹರ್ಟ್ಸ್‌ನ ಎಟಿ ಮಾರಿತು ಅನ್ನೋದು ಬೇರೆ ಮಾತು.

ಆ ಯಂತ್ರಗಳಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇತ್ತು. ಮೆಮೊರಿಯಲ್ಲಿ ಪ್ರತಿ ಎಂಟು ಬಿಟ್‌ಗೆ ಒಂಬತ್ತನೆಯದೊಂದು ಬಿಟ್, ಅದರ ಹೆಸರು ಪ್ಯಾರಿಟಿ. ಎಂಟರಲ್ಲಿ ಒಂದು ಏರುಪೇರಾದರೆ ಒಂಬತ್ತನೆಯದರ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತಿತ್ತು. ಯಂತ್ರ ಅಲ್ಲೇ ನಿಂತು ಪರದೆಯ ಮೇಲೆ ಪ್ಯಾರಿಟಿ ತಪ್ಪು ಅಂತ ಬರೆಯುತ್ತಿತ್ತು. ಕೆಲಸ ನಿಲ್ಲುತ್ತಿತ್ತು, ಕಿರಿಕಿರಿಯೂ ಆಗುತ್ತಿತ್ತು. ಆದರೆ ತಪ್ಪಾಗಿದೆ ಅಂತ ತಿಳಿಯುತ್ತಿತ್ತು. ಈ ಒಂಬತ್ತನೇ ಬಿಟ್ಟನ್ನ ನೆನಪಲ್ಲಿಡಿ, ಮತ್ತೆ ಬೇಕಾಗುತ್ತೆ.

1992ರಲ್ಲಿ ಇಂಟೆಲ್ 486 ಡಿಎಕ್ಸ್2 ತಂತು. ಅಲ್ಲಿಯವರೆಗೆ ಪ್ರೊಸೆಸರೂ ಹೊರಗಿನ ಬಸ್ಸೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದವು. (ಈ ಬಸ್ಸು ಅಂದ್ರೆ ಪ್ರೊಸೆಸರಿನಿಂದ ಮೆಮೊರಿ ಮುಂತಾದವಕ್ಕೆ ಹೋಗುವ ದಾರಿ, ಕೆಎಸ್ಸಾರ್ಟಿಸಿ ಅಲ್ಲ.) ಡಿಎಕ್ಸ್2-66ರಲ್ಲಿ ಬಸ್ಸು 33ರಲ್ಲಿ, ಒಳಗೆ ಪ್ರೊಸೆಸರು ಅದರ ಎರಡರಷ್ಟು. ಇಲ್ಲಿಂದ ಮುಂದಕ್ಕೆ ಪ್ರೊಸೆಸರಿನ ವೇಗ ಅಂದ್ರೆ ಒಂದು ಗುಣಾಕಾರ: ಬಸ್ಸಿನ ವೇಗ ಗುಣಿಸು ಮಲ್ಟಿಪ್ಲೈಯರ್. ವೇಗ ಹೆಚ್ಚಿಸಬೇಕಾದರೆ ಎರಡರಲ್ಲಿ ಒಂದನ್ನ ಏರಿಸಬೇಕು. ಮಲ್ಟಿಪ್ಲೈಯರ್ ಏರಿಸಿದರೆ ಪ್ರೊಸೆಸರಿಗೆ ಮಾತ್ರ ತ್ರಾಸು. ಬಸ್ಸನ್ನ ಏರಿಸಿದರೆ ಅದಕ್ಕೆ ಗಂಟುಹಾಕಿಕೊಂಡವರೆಲ್ಲ ಓಡಬೇಕು.

ಕೋಲಾಟ ನೋಡಿದೀರಲ್ಲ? ಹಾಡುವವನು ತಾಳ ಏರಿಸಿದರೆ ಸುತ್ತ ಇರುವ ಎಲ್ಲರೂ ಕೋಲು ಬಡಿಯುವುದನ್ನ ಜೋರು ಮಾಡಲೇಬೇಕು. ಚುರುಕಾದ ಹುಡುಗನಿಗೆ ಏನೂ ಅನ್ನಿಸಲ್ಲ, ವಯಸ್ಸಾದವರ ಕೋಲು ತಪ್ಪುತ್ತೆ. ಕಂಪ್ಯೂಟರಿನ ಕೋಲಾಟದಲ್ಲಿ ಪಿಸಿಐ ಕಾರ್ಡುಗಳು, ಹಾರ್ಡ್‌ಡಿಸ್ಕಿನ ಕಂಟ್ರೋಲರು, ಮೆಮೊರಿ ಎಲ್ಲ ಒಂದೇ ವೃತ್ತದಲ್ಲಿದ್ದವು. ಪೆಂಟಿಯಂ ಕಾಲದಲ್ಲಿ ಕೆಲವು ಮದರ್‌ಬೋರ್ಡುಗಳಲ್ಲಿ 66ರ ಬಸ್ಸನ್ನ 75ಕ್ಕೆ, 83ಕ್ಕೆ ಏರಿಸೋ ಜಂಪರ್‌ಗಳಿರುತ್ತಿದ್ದವು. ಪಿಸಿಐ ಅದರ ಅರ್ಧ. 33 ಇರಬೇಕಾದದ್ದು 41 ದಾಟುತ್ತಿತ್ತು, ಹಾರ್ಡ್‌ಡಿಸ್ಕಿನಲ್ಲಿದ್ದ ಕಡತಗಳು ಕೆಡುತ್ತಿದ್ದವು. ಆಗಿನ ಇಡಿಒ ಮೆಮೊರಿಗೆ ತನ್ನದೇ ತಾಳ ಅಂತ ಇರಲಿಲ್ಲ, 'ನನಗೆ 60 ನ್ಯಾನೊಸೆಕೆಂಡ್ ಬೇಕು' ಅನ್ನುವ ಜಾತಿ ಅದು. ಬಸ್ಸು ಜೋರಾದರೆ ಬಯಾಸ್‌ನಲ್ಲಿ ಕಾಯುವ ಹೆಜ್ಜೆ ಒಂದೆರಡು ಹೆಚ್ಚಿಸಿದರೆ ಆಗುತ್ತಿತ್ತು.

ಆಮೇಲೆ ಎಸ್‌ಡಿರ‍್ಯಾಮ್ ಬಂತು. ಅದರ ಹೆಸರಿನಲ್ಲಿರುವ ಮೊದಲ ಅಕ್ಷರ ಸಿಂಕ್ರೊನಸ್ ಅನ್ನೋದರದ್ದು, ಅಂದ್ರೆ ಬಸ್ಸಿನ ತಾಳಕ್ಕೇ ಕುಣಿಯುವುದು. ಮೆಮೊರಿ ಹೀಗೆ ಕೋಲಾಟದ ಒಳಗೆ ಪೂರ್ತಿಯಾಗಿ ಬಂದು ಸೇರಿಕೊಂಡಿತು. ಇದೇ ಹೊತ್ತಿಗೆ ಇನ್ನೊಂದು ಸಂಗತಿಯೂ ನಡೆಯಿತು. ದುಡ್ಡು ಉಳಿಸೋಕೆ ಅಂತ ಮನೆಯ ಪಿಸಿಗಳಿಂದ ಆ ಒಂಬತ್ತನೇ ಬಿಟ್ಟನ್ನ ತೆಗೆದುಹಾಕಿದರು. 1995ರ ಇಂಟೆಲ್ 430ಎಫ್‌ಎಕ್ಸ್ ಚಿಪ್‌ಸೆಟ್‌ನಲ್ಲಿ ಪ್ಯಾರಿಟಿಗೆ ಜಾಗವೇ ಇರಲಿಲ್ಲ. ಕಳ್ಳರ ಹಾವಳಿ ಶುರುವಾಗೋ ಹೊತ್ತಿಗೆ ಸರಿಯಾಗಿ ಕಾವಲುಗಾರನನ್ನ ಮನೆಗೆ ಕಳಿಸಿದ ಹಾಗಾಯ್ತು.

ಈಗ 1998ಕ್ಕೆ ಬರೋಣ. ಓಸಿ ಇತಿಹಾಸದ ಸುವರ್ಣಯುಗ ಅಂತ ಒಂದಿದ್ದರೆ ಅದು ಇಲ್ಲೇ.

ಆ ವರ್ಷ ಏಪ್ರಿಲ್‌ನಲ್ಲಿ ಇಂಟೆಲ್ ಸೆಲೆರಾನ್ ಅನ್ನೋ ಅಗ್ಗದ ಪ್ರೊಸೆಸರು ಬಿಟ್ಟಿತು. ಎರಡನೇ ಹಂತದ ಕ್ಯಾಶ್ ಇಲ್ಲದ ಅದನ್ನ ನೋಡಿ ಎಲ್ಲರೂ ನಕ್ಕರು. ಅದೇ ಆಗಸ್ಟ್ 24ಕ್ಕೆ ಸೆಲೆರಾನ್ 300ಎ ಬಂತು. ಇದರಲ್ಲಿ 128 ಕೆಬಿ ಕ್ಯಾಶ್ ಇತ್ತು, ಅದೂ ಪ್ರೊಸೆಸರಿನ ಚಿಪ್ಪಿನೊಳಗೇ, ಪ್ರೊಸೆಸರಿನ ಪೂರ್ತಿ ವೇಗದಲ್ಲಿ. ಅವತ್ತೇ ಬಿಡುಗಡೆಯಾದ ದುಬಾರಿ ಪೆಂಟಿಯಂ 2-450ರಲ್ಲಿ 512 ಕೆಬಿ ಇದ್ದರೂ ಅದು ಚಿಪ್ಪಿನ ಹೊರಗೆ, ಅರ್ಧ ವೇಗದಲ್ಲಿ. ಬೆಲೆ? ಸೆಲೆರಾನ್‌ಗೆ 149 ಡಾಲರ್, ಪೆಂಟಿಯಂಗೆ 669 ಡಾಲರ್.

ಸೆಲೆರಾನ್ 300ಎ ಗುಣಾಕಾರ ಹೀಗೆ: 66 ಗುಣಿಸು 4.5, ಅಂದಾಜು 300. ಮಲ್ಟಿಪ್ಲೈಯರನ್ನ ಇಂಟೆಲ್ ಬೀಗ ಹಾಕಿಟ್ಟಿತ್ತು. ಅದಕ್ಕೂ ಒಂದು ಕಾರಣ ಇತ್ತು. ಕಡಿಮೆ ವೇಗದ ಪ್ರೊಸೆಸರಿನ ಮೇಲಿನ ಅಕ್ಷರ ಅಳಿಸಿ ಹೆಚ್ಚಿನ ವೇಗ ಮುದ್ರಿಸಿ ಮಾರುವ ದಂಧೆ ಆಗ ಜೋರಾಗಿತ್ತು. ಆದರೆ ಬಸ್ಸಿಗೆ ಬೀಗ ಇರಲಿಲ್ಲ. ಇಂಟೆಲ್‌ನದೇ 440ಬಿಎಕ್ಸ್ ಚಿಪ್‌ಸೆಟ್ ಆ ಏಪ್ರಿಲ್‌ನಲ್ಲೇ ಬಂದಿತ್ತು, ಅದು 100ರ ಬಸ್ಸನ್ನ ಅಧಿಕೃತವಾಗಿಯೇ ಓಡಿಸುತ್ತಿತ್ತು. 100 ಗುಣಿಸು 4.5, ನಾನೂರೈವತ್ತು! ತೈವಾನಿನ ಅಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಇದನ್ನ ಜಂಪರ್ ಮುಟ್ಟದೆ ಬಯಾಸ್‌ನಲ್ಲೇ ಮಾಡಬಹುದಿತ್ತು. ಬೋರ್ಡು ಹಟ ಹಿಡಿದು 66ರಲ್ಲೇ ನಿಂತರೆ, ಪ್ರೊಸೆಸರಿನ ಕಾರ್ಡಿನಲ್ಲಿ ಬಿ21 ಅನ್ನೋ ಸಂಪರ್ಕದ ಮೇಲೆ ಚೂರು ಟೇಪು ಅಂಟಿಸುತ್ತಿದ್ದರು. ನೈಲ್ ಪಾಲಿಶ್ ಬಳಿದವರೂ ಉಂಟು!

ಇಷ್ಟು ಎಲ್ಲರಿಗೂ ಗೊತ್ತಿರೋ ಕಥೆ. ಅದು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡಿತು ಅನ್ನೋದು ನನಗೆ ಮುಖ್ಯ. ಬಸ್ಸು 66ರಲ್ಲಿದ್ದಾಗ ಬಿಎಕ್ಸ್ ಪಿಸಿಐಗೆ ಎರಡರಿಂದ ಭಾಗಿಸಿ ಕೊಡುತ್ತಿತ್ತು, 33. 100ರಲ್ಲಿ ಮೂರರಿಂದ ಭಾಗಿಸಿ, ಮತ್ತೆ 33. ಗ್ರಾಫಿಕ್ಸ್‌ನ ಎಜಿಪಿಗೆ ಮೂರನೇ ಎರಡು, 66. ಉಳಿದದ್ದು ಮೆಮೊರಿ. ಬಿಎಕ್ಸ್‌ನಲ್ಲಿ ಅದು ಬಸ್ಸಿನ ತಾಳಕ್ಕೇ ಓಡಬೇಕು, ಬೇರೆ ದಾರಿಯಿಲ್ಲ. ಆದರೆ ಅದೇ ವರ್ಷ ಪಿಸಿ100 ಅನ್ನೋ ನಿಯಮ ಬಂದು 100ರಲ್ಲಿ ಓಡುವ ಮೆಮೊರಿ ಮಾರುಕಟ್ಟೆಯಲ್ಲಿತ್ತು. ಅಂದ್ರೆ 300ಎ ಅನ್ನ 450ಕ್ಕೆ ಏರಿಸಿದಾಗ ಇಡೀ ಯಂತ್ರದಲ್ಲಿ ಮಿತಿ ಮೀರಿ ಓಡುತ್ತಿದ್ದದ್ದು ಪ್ರೊಸೆಸರು ಒಂದೇ! ಉಳಿದವರೆಲ್ಲ ಅವರವರ ಸಂಬಳಕ್ಕೆ ತಕ್ಕ ಕೆಲಸ ಮಾಡುತ್ತಿದ್ದರು. ಇದರ ಗುಟ್ಟು ಅದೇ, ಮತ್ತೇನಲ್ಲ.

ಹಳೆಯ 66ರ ಮೆಮೊರಿಯನ್ನೇ ಇಟ್ಟುಕೊಂಡು 100ಕ್ಕೆ ಏರಿಸಿದವರ ಪರದೆ ಕಪ್ಪಗಾಗುತ್ತಿತ್ತು, ಇಲ್ಲವೇ ವಿಂಡೋಸ್ 98 ಅರ್ಧಕ್ಕೆ ಸಾಯುತ್ತಿತ್ತು. ಬೈಗುಳ ಮಾತ್ರ ಪ್ರೊಸೆಸರಿಗೆ. ಇನ್ನು ಕೆಲವರು 450 ಸಾಲದು ಅಂತ ಬಸ್ಸನ್ನ 112 ಮಾಡಿ 504 ಮೆಗಾಹರ್ಟ್ಸ್ ತೆಗೆದರು. ಆಗ ಪಿಸಿಐ 37, ಎಜಿಪಿ 75, ಮೆಮೊರಿ 112. ಒಬ್ಬರಲ್ಲ, ನಾಲ್ಕೂ ಜನ ಮಿತಿ ಮೀರಿದಂತಾಯ್ತು. ಹೆಚ್ಚಿಗೆ ಸಿಕ್ಕಿದ್ದು ನೂರಕ್ಕೆ ಹನ್ನೆರಡು, ಅಪಾಯ ನಾಲ್ಕು ಕಡೆಯಿಂದ.

2000ದಲ್ಲಿ ಎಎಂಡಿಯ ಡ್ಯೂರಾನ್, ಅಥ್ಲಾನ್ ಬಂದಾಗ ಪೆನ್ಸಿಲ್ಲಿನ ಕಾಲ. ಪ್ರೊಸೆಸರಿನ ಮೇಲೆ ಎಲ್1 ಅನ್ನೋ ಪುಟ್ಟ ಸೇತುವೆಗಳನ್ನ ಕಾರ್ಖಾನೆಯಲ್ಲಿ ಕತ್ತರಿಸಿ ಮಲ್ಟಿಪ್ಲೈಯರಿಗೆ ಬೀಗ ಹಾಕುತ್ತಿದ್ದರು. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುತ್ತನ್ನ ಹಾಯಿಸುತ್ತಲ್ಲ, ಆ ಕಡಿದ ಜಾಗದ ಮೇಲೆ ಗೀಚಿದರೆ ಬೀಗ ತೆರೀತು. ಇದನ್ನ ತಮಾಷೆಯ ಕಥೆಯಾಗಿ ಹೇಳ್ತಾರೆ. ಇದರ ನಿಜವಾದ ಬೆಲೆ ಏನಂದ್ರೆ, ಬಸ್ಸನ್ನೂ ಮೆಮೊರಿಯನ್ನೂ ಮುಟ್ಟದೆ ಪ್ರೊಸೆಸರನ್ನಷ್ಟೇ ಏರಿಸೋ ಅವಕಾಶ ಸಿಕ್ಕಿತು.

ಅದೇ ವರ್ಷ ಇಂಟೆಲ್ ತಾನೇ ಒಂದು ಪಾಠ ಕಲಿಯಿತು. ಎಎಂಡಿ ಜೊತೆಗಿನ ಜಿದ್ದಿನಲ್ಲಿ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಬಿಟ್ಟಿತು. ಥಾಮಸ್ ಪಾಬ್ಸ್ಟ್, ಕೈಲ್ ಬೆನೆಟ್ ಮುಂತಾದ ವಿಮರ್ಶಕರು ಪರೀಕ್ಷಿಸಿದರೆ, ಅದಕ್ಕೆ ಲಿನಕ್ಸ್ ಕರ್ನಲ್ಲನ್ನ ಕಂಪೈಲ್ ಮಾಡಿ ಮುಗಿಸೋಕೇ ಆಗಲಿಲ್ಲ. ಆಗಸ್ಟ್ ಕೊನೆಗೆ ಇಂಟೆಲ್ ಅದನ್ನ ವಾಪಸ್ ತೆಗೆದುಕೊಂಡಿತು. ವಿಂಡೋಸ್ ತೆರೆಯಿತು, ಆಟ ಓಡಿತು ಅಂದಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ.

ಮುಂದೆ ಡಿಡಿಆರ್. ತಾಳದ ಒಂದು ಹೆಜ್ಜೆಗೆ ಎರಡು ಸಲ ಮಾಹಿತಿ ಸಾಗಿಸುವ ಮೆಮೊರಿ. ಗೊಂದಲ ಶುರುವಾದದ್ದೂ ಇಲ್ಲಿಂದಲೇ. ಡಿಡಿಆರ್400 ಅಂದ್ರೆ ನಿಜವಾದ ತಾಳ 200 ಮೆಗಾಹರ್ಟ್ಸ್. ಅದನ್ನೇ ಪಿಸಿ3200 ಅಂತಲೂ ಮಾರ್ತಾರೆ, ಸೆಕೆಂಡಿಗೆ 3200 ಮೆಗಾಬೈಟ್ ಅನ್ನೋ ಲೆಕ್ಕ. ಒಂದೇ ಕೂಸಿಗೆ ಮೂರು ಹೆಸರು. ಇಂಟೆಲ್ಲಿನ ಬಸ್ಸು ಒಂದು ಹೆಜ್ಜೆಗೆ ನಾಲ್ಕು ಸಲ ಸಾಗಿಸುತ್ತಿತ್ತು, ಹಾಗಾಗಿ 200ರ ಬಸ್ಸಿಗೆ 800 ಅಂತ ಹೆಸರು. 800ರ ಬಸ್ಸಿಗೆ 400ರ ಮೆಮೊರಿ ಸಾಕಾ ಅಂತ ಗಾಬರಿಯಾದವರಿಗೆ ಲೆಕ್ಕವಿಲ್ಲ. ಎರಡೂ 200, ತಾಳ ಸಮ ಸಮ.

ಈಗ ನನ್ನ ಕಥೆ. 2004ರ ಸುಮಾರಿಗೆ ನನ್ನ ಹತ್ತಿರ ಇದ್ದದ್ದು ಅಥ್ಲಾನ್ ಎಕ್ಸ್‌ಪಿ 2500+. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ್ದು. ಆ ಪ್ರೊಸೆಸರಿನ ಗುಣಾಕಾರ 166 ಗುಣಿಸು 11, ಅಂದ್ರೆ 1833 ಮೆಗಾಹರ್ಟ್ಸ್. ಎಎಂಡಿಯ ಆಗಿನ ದುಬಾರಿ 3200+ ಏನಪ್ಪಾ ಅಂದ್ರೆ 200 ಗುಣಿಸು 11, ಅಂದ್ರೆ 2200. ಮಲ್ಟಿಪ್ಲೈಯರು ಎರಡಕ್ಕೂ ಒಂದೇ! ಬಯಾಸ್‌ನಲ್ಲಿ 166 ಇದ್ದದ್ದನ್ನ 200 ಮಾಡಿದರೆ ಸಾಕು, ಪರದೆಯ ಮೇಲೆ 3200+ ಅಂತಲೇ ಬರುತ್ತಿತ್ತು. ನನಗೂ ಬಂತು. ಆ ದಿನದ ಸಂತೋಷ ಏನು ಕೇಳ್ತೀರಿ!

ನನ್ನ ಮೆಮೊರಿ ಡಿಡಿಆರ್333. ಹೆಸರಿಲ್ಲದ ಅಗ್ಗದ ಮಾಲು, 166ಕ್ಕೆ ಹುಟ್ಟಿದ್ದು. ಬೋರ್ಡಿನಲ್ಲಿ ಎನ್‌ಫೋರ್ಸ್2 ಚಿಪ್‌ಸೆಟ್ ಇತ್ತು, ಬಸ್ಸು 200 ಇದ್ದರೂ ಮೆಮೊರಿಯನ್ನ 6:5 ಅನುಪಾತದಲ್ಲಿ 166ರಲ್ಲೇ ಇಡುವ ಸೌಲಭ್ಯ ಅದರಲ್ಲಿತ್ತು. ಇದೇ ಡಿವೈಡರ್. ಆದರೆ ಆ ಚಿಪ್‌ಸೆಟ್ಟು ಬಸ್ಸು, ಮೆಮೊರಿ ಸಮತಾಳದಲ್ಲಿದ್ದರೇ ಚುರುಕು, ತಾಳ ಬೇರೆಯಾದರೆ ನಿಧಾನ ಅನ್ನೋದು ಎಲ್ಲರ ಬಾಯಲ್ಲಿದ್ದ ಮಾತು. ಅದು ಸುಳ್ಳೂ ಅಲ್ಲ. ನಾನು ಡಿವೈಡರ್ ಹಾಕಲಿಲ್ಲ. ಮೆಮೊರಿಯೂ 200ರಲ್ಲಿ ಓಡಿತು. ವಿಂಡೋಸ್ ಬಂತು, ಹಾಡು ಹಾಡಿತು, ಆಟ ಆಡಿತು, ಎರಡು ತಿಂಗಳು ಒಂದು ದಿನವೂ ನಿಲ್ಲಲಿಲ್ಲ.

ಆ ಎರಡು ತಿಂಗಳಲ್ಲಿ ನಾನು ಮಾಡಿದ ಕೆಲಸ ಅಜ್ಜಿಯ ಕ್ಯಾಸೆಟ್ಟುಗಳದ್ದು. ಮದುವೆಮನೆಯಲ್ಲಿ ಹೇಳುತ್ತಿದ್ದ ಸೋಬಾನೆ, ಬೀಸುವ ಪದ, ಹಸೆಗೆ ಕರೆಯುವ ಹಾಡು... ಅಪ್ಪ ಯಾವತ್ತೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಜಿಪ್ ಮಾಡಿ, ಸೀಡಿಗೆ ಬರೆದು, ಹಾರ್ಡ್‌ಡಿಸ್ಕಿನಲ್ಲಿ ಜಾಗ ಸಾಲದೆ ಮೂಲ ಕಡತ ಅಳಿಸಿದೆ. ಊರಿಗೆ ಹೋದಾಗ ಚಿಕ್ಕಮ್ಮನ ಮನೆಯ ಕಂಪ್ಯೂಟರಿನಲ್ಲಿ ತೆರೆದರೆ, ಜಿಪ್ ಕಡತ ಸಿಆರ್‌ಸಿ ತಪ್ಪು ಅಂತ ಹೇಳ್ತು. ಒಂದಲ್ಲ, ಹನ್ನೊಂದರಲ್ಲಿ ನಾಲ್ಕು. ಸೀಡಿ ಕೆಟ್ಟಿರಬೇಕು ಅಂತ ವಾಪಸ್ ಬಂದು ನನ್ನದರಲ್ಲೇ ನೋಡಿದೆ. ಅದೇ ನಾಲ್ಕು.

ಮೆಮ್‌ಟೆಸ್ಟ್86 ಅಂತ ಒಂದು ಪ್ರೋಗ್ರಾಮಿದೆ, ಕ್ರಿಸ್ ಬ್ರೇಡಿ ಅನ್ನುವವರು ಬರೆದದ್ದು. ವಿಂಡೋಸ್ ಇಲ್ಲದೆ ನೇರವಾಗಿ ಶುರುವಾಗಿ, ಮೆಮೊರಿಯ ಪ್ರತಿ ಮನೆಗೂ ಏನೋ ಬರೆದು, ಮತ್ತೆ ಓದಿ, ಬರೆದದ್ದೇ ಬಂತಾ ಅಂತ ನೋಡುತ್ತೆ. ರಾತ್ರಿ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಪರದೆ ತುಂಬ ಕೆಂಪು ಸಾಲು. ಡಿವೈಡರ್ ಹಾಕಿ ಮೆಮೊರಿಯನ್ನ 166ಕ್ಕೆ ಇಳಿಸಿ ಮತ್ತೊಂದು ರಾತ್ರಿ ಓಡಿಸಿದೆ, ಪ್ರೊಸೆಸರು 2200ರಲ್ಲೇ ಇತ್ತು. ಒಂದೂ ತಪ್ಪಿಲ್ಲ.

ಪ್ರೊಸೆಸರು ತಪ್ಪಿದರೆ ಸಾಮಾನ್ಯವಾಗಿ ಗಲಾಟೆ ಮಾಡುತ್ತೆ, ಯಂತ್ರ ನಿಲ್ಲುತ್ತೆ. ಮೆಮೊರಿಯ ಬಹುಪಾಲು ತುಂಬಿರೋದು ನಿಮ್ಮ ಫೋಟೋ, ಹಾಡು, ಕಾಗದಪತ್ರ. ಅಲ್ಲಿ ಒಂದು ಬಿಟ್ ಬದಲಾದರೆ ಯಾರೂ ಕೂಗಲ್ಲ. ಬದಲಾದದ್ದೇ ಡಿಸ್ಕಿಗೆ ಹೋಗುತ್ತೆ, ಅಲ್ಲಿಂದ ಸೀಡಿಗೆ ಹೋಗುತ್ತೆ. ಜಿಪ್ ಮಾಡಿದ್ದಕ್ಕೆ ನಾಲ್ಕು ಸಿಕ್ಕಿಬಿದ್ದವು. ಉಳಿದ ಏಳರಲ್ಲಿ ಜಿಪ್ ಆಗುವ ಮೊದಲೇ ಕೆಟ್ಟದ್ದು ಏನಿತ್ತೋ, ಇವತ್ತಿಗೂ ಹೇಳಲಾರೆ. ಕ್ಯಾಸೆಟ್ಟುಗಳು ಇನ್ನೂ ಇದ್ದವು ಅನ್ನೋದು ಪುಣ್ಯ. ಮತ್ತೆ ಇಳಿಸಿದೆ. ಒಂದರ ಟೇಪು ಮಾತ್ರ ಎರಡನೇ ಸಲಕ್ಕೆ ಪ್ಲೇಯರಿನಲ್ಲಿ ಸಿಕ್ಕಿಹಾಕಿಕೊಂಡು ನಲುಗಿಹೋಯ್ತು. ಆ ಟೇಪಿನ ಬೀಸುವ ಪದ ಅರ್ಧವೇ ಇದೆ.

ಇರಲಿ. ಡಿವೈಡರಿನ ಲೆಕ್ಕ ಆ ವರ್ಷಗಳಲ್ಲಿ ಎಷ್ಟು ಸೊಗಸಾಗಿತ್ತು ಅನ್ನೋದಕ್ಕೆ ಎರಡು ಉದಾಹರಣೆ ಕೊಡ್ತೀನಿ. 2003ರ ಪೆಂಟಿಯಂ 4 2.4ಸಿ: 200 ಗುಣಿಸು 12. ಬಸ್ಸನ್ನ 250 ಮಾಡಿದರೆ 3000 ಮೆಗಾಹರ್ಟ್ಸ್. 5:4 ಡಿವೈಡರ್ ಹಾಕಿದರೆ ಮೆಮೊರಿ ಸರಿಯಾಗಿ 200ರಲ್ಲೇ, ಡಿಡಿಆರ್400 ನೆಮ್ಮದಿಯಾಗಿರುತ್ತೆ. ಸಮತಾಳವೇ ಬೇಕು ಅನ್ನೋರು 250ರಲ್ಲಿ ಓಡುವ ದುಬಾರಿ ಮೆಮೊರಿ ಕೊಳ್ಳುತ್ತಿದ್ದರು. ಆದರೆ ಅಂಥ ಮೆಮೊರಿಗೆ ಉತ್ತರ ಕೊಡೋಕೆ ಹೆಚ್ಚು ಹೆಜ್ಜೆ ಬೇಕು. 200ರಲ್ಲಿ ಎರಡು ಹೆಜ್ಜೆ ಕಾಯೋದು ಅಂದ್ರೆ 10 ನ್ಯಾನೊಸೆಕೆಂಡ್, 250ರಲ್ಲಿ ಮೂರು ಹೆಜ್ಜೆ ಅಂದ್ರೆ 12. ಜೋರಾಗಿ ಓಡೋನು ಬಾಗಿಲು ತೆಗೆಯೋದು ತಡ. ಹಾಗಾಗಿ ಈ ವಾದ ವರ್ಷಗಟ್ಟಲೆ ನಡೆದರೂ ಮುಗಿಯಲಿಲ್ಲ.

ಅಥ್ಲಾನ್ 64ರಲ್ಲಿ ಮೆಮೊರಿಯ ಕಂಟ್ರೋಲರು ಪ್ರೊಸೆಸರಿನ ಒಳಗೇ ಬಂತು. ಅಲ್ಲಿ ಮೆಮೊರಿಯ ವೇಗ ಅಂದ್ರೆ ಪ್ರೊಸೆಸರಿನ ವೇಗವನ್ನ ಒಂದು ಪೂರ್ಣಸಂಖ್ಯೆಯಿಂದ ಭಾಗಿಸಿದ್ದು. ಸಾಕೆಟ್ 939ರ 3000+ ತೆಗೆದುಕೊಳ್ಳಿ: 200 ಗುಣಿಸು 9, 1800. ಮೂಲ ತಾಳವನ್ನ 300 ಮಾಡಿದರೆ 2700. ಬಯಾಸ್‌ನಲ್ಲಿ ಮೆಮೊರಿಯನ್ನ 266 ಅಂತ ಇಟ್ಟರೆ ಹೆಸರಿಗೆ ಕಡಿಮೆ ಕಂಡೀತು. ಆದರೆ ಆ 266 ಅನ್ನೋದು ವೇಗವಲ್ಲ, ಅನುಪಾತ. 1800ನ್ನ 133ರಿಂದ ಭಾಗಿಸಿದರೆ 13.5, ಮೇಲಿನ ಪೂರ್ಣಸಂಖ್ಯೆ 14. ಈಗ 2700 ಭಾಗಿಸು 14, ಸುಮಾರು 193. ಡಿಡಿಆರ್400 ಮೆಮೊರಿಗೆ ಹೇಳಿ ಮಾಡಿಸಿದ ಹಾಗೆ! ಹೈಪರ್‌ಟ್ರಾನ್ಸ್‌ಪೋರ್ಟಿನ ಮಲ್ಟಿಪ್ಲೈಯರನ್ನೂ 5ರಿಂದ 3ಕ್ಕೆ ಇಳಿಸಬೇಕಿತ್ತು, ಆಗ ಅದು 900ರಲ್ಲಿ ನಿಲ್ಲುತ್ತಿತ್ತು. ಮಗ್ಗಿ ಬಾಯಿಪಾಠ ಬಂದವರಿಗೆ ಹಬ್ಬ :-)

ಪರೀಕ್ಷೆಗಳೂ ಆಗ ಬೆಳೆದವು. ಸೂಪರ್ ಪೈ ಅನ್ನೋದು ಪೈ ಬೆಲೆಯನ್ನ ಲಕ್ಷಗಟ್ಟಲೆ ಅಂಕಿಗೆ ಲೆಕ್ಕಹಾಕೋದು. ಅದರ ಮೂಲ ಟೋಕಿಯೊ ವಿಶ್ವವಿದ್ಯಾಲಯದ ಪ್ರೊಫೆಸರ್ ಯಾಸುಮಾಸ ಕನಡ ಅವರದ್ದು. ಕನಡ, ಕನ್ನಡ ಅಲ್ಲ. ನನಗೂ ಮೊದಲ ಸಲ ಕಣ್ಣು ಅರಳಿತ್ತು. ಇನ್ನೊಂದು ಜಾರ್ಜ್ ವೋಲ್ಟ್‌ಮನ್ ಅವರ ಪ್ರೈಮ್95. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನ ಹುಡುಕೋಕೆ ಬರೆದ ಪ್ರೋಗ್ರಾಮು, ಅದರ ಚಿತ್ರಹಿಂಸೆ ಪರೀಕ್ಷೆ ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಮಾಡಿಸಿ ತಾಳೆ ನೋಡುತ್ತೆ. ತಿಂಗಳುಗಟ್ಟಲೆ ಲೆಕ್ಕ ಮಾಡಿ ಒಂದು ಬಿಟ್ ತಪ್ಪಿದರೆ ಎಲ್ಲ ವ್ಯರ್ಥ, ಅದಕ್ಕೇ ಅವರಿಗೆ ಆ ಎಚ್ಚರ.

2005ರಲ್ಲಿ ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಬರೆದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ವಿಂಡೋಸ್ ಕ್ರ್ಯಾಶ್ ಆದಾಗ ಜನರು ಕಳಿಸುವ ವರದಿಗಳಲ್ಲಿ ಕೆಲವು ಸಾಧ್ಯವೇ ಇಲ್ಲದಂಥವು ಇದ್ದವಂತೆ. ಮೆಮೊರಿಯನ್ನ ಮುಟ್ಟದೇ ಇರುವ, ಒಂದು ರಿಜಿಸ್ಟರನ್ನ ಸೊನ್ನೆ ಮಾಡುವ ಆದೇಶದಲ್ಲಿ ಯಂತ್ರ ಸತ್ತಿರುತ್ತಿತ್ತು. ವಿಚಾರಿಸಿದರೆ ಅನೇಕವು ಓವರ್‌ಕ್ಲಾಕ್ ಆದ ಯಂತ್ರಗಳು. ಕೆಲವು ಮಾಲೀಕರಿಗೆ ಆ ಪದವೇ ಗೊತ್ತಿರಲಿಲ್ಲ, ಅಂಗಡಿಯವರೇ ಏರಿಸಿ ಹೆಚ್ಚಿನ ಬೆಲೆಗೆ ಮಾರಿದ್ದರು! 2011ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಸುಮಾರು ಹತ್ತು ಲಕ್ಷ ಪಿಸಿಗಳ ವರದಿ ಕೂಡಿಸಿ ನೋಡಿದಾಗಲೂ ಅದೇ. ಓವರ್‌ಕ್ಲಾಕ್ ಆದವು ಸ್ಪಷ್ಟವಾಗಿ ಹೆಚ್ಚು ಕೆಡುತ್ತಿದ್ದವು. ಹವ್ಯಾಸಿ ತಾನೇ ಜೂಜಾಡಿ ಸೋತರೆ ಅದು ಅವನ ಕರ್ಮ. ಗೊತ್ತಿಲ್ಲದವರ ದುಡ್ಡಲ್ಲಿ ಬೇರೆಯವರು ಓಸಿ ಆಡಿದ್ದು ಮಾತ್ರ ಅನ್ಯಾಯ.

ಆಮೇಲಿನ ವರ್ಷಗಳನ್ನ ಬೇಗ ದಾಟೋಣ. 2006ರ ಕೋರ್ 2 ಡ್ಯುಯೊ ಇ6300, 266 ಗುಣಿಸು 7. ಬಸ್ಸನ್ನ 400 ಮಾಡಿದರೆ 2800. ಪಿ965 ಚಿಪ್‌ಸೆಟ್‌ನಲ್ಲಿ ಮೆಮೊರಿಯನ್ನ ಬಸ್ಸಿಗಿಂತ ಕೆಳಗೆ ಇಳಿಸೋಕೆ ಆಗುತ್ತಿರಲಿಲ್ಲ, ಸಮತಾಳವೇ ಕನಿಷ್ಠ. ಹಾಗಾಗಿ ಡಿಡಿಆರ್2-800 ಕೊಳ್ಳದೆ ಗತಿಯಿಲ್ಲ. 2008ರ ಕೋರ್ ಐ7ನಲ್ಲಿ ಆ ಹಳೇ ಬಸ್ಸು ಹೋಗಿ 133ರ ಮೂಲ ತಾಳ ಬಂತು, ಮೆಮೊರಿಗೆ ಅದರದೇ ಮಲ್ಟಿಪ್ಲೈಯರು. 2011ರ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಮೂಲ ತಾಳ 100. ಅದಕ್ಕೆ ಎಲ್ಲವನ್ನೂ ಎಷ್ಟು ಬಿಗಿಯಾಗಿ ಕಟ್ಟಿದರೆಂದರೆ ನೂರಕ್ಕೆ ನಾಲ್ಕೈದಕ್ಕಿಂತ ಅಲುಗಾಡಿಸಲು ಆಗಲಿಲ್ಲ. ವೇಗ ಬೇಕಾದವರು ಹೆಸರಿನಲ್ಲಿ 'ಕೆ' ಇರುವ, ಮಲ್ಟಿಪ್ಲೈಯರ್ ಬೀಗ ತೆರೆದ ಪ್ರೊಸೆಸರನ್ನ ಹೆಚ್ಚು ಕೊಟ್ಟು ಕೊಳ್ಳಬೇಕು. ಓಸಿಗೂ ಟಿಕೆಟ್ಟು ಬಂತು ಅನ್ನಿ. ಹಳಬರು ಬೈದರು. ನಾನು ಬೈಯಲ್ಲ, ಪ್ರೊಸೆಸರಿನ ಹುಚ್ಚಿಗೆ ಮೆಮೊರಿ ದಂಡ ಕಟ್ಟೋದು ಅಲ್ಲಿಗೆ ನಿಂತಿತು.

ನಿಂತಿತು ಅಂದ್ಕೊಂಡಾಗ ಮೆಮೊರಿಯೇ ಓಸಿಗೆ ಇಳಿಯಿತು. 2007ರಲ್ಲಿ ಇಂಟೆಲ್ ಎಕ್ಸ್‌ಎಂಪಿ ಅನ್ನೋದನ್ನ ತಂದಿತ್ತು. ಮೆಮೊರಿಯ ಕಡ್ಡಿಯಲ್ಲಿ ಎಸ್‌ಪಿಡಿ ಅನ್ನೋ ಪುಟ್ಟ ಚಿಪ್ಪು ಇರುತ್ತೆ, 'ನನ್ನ ವೇಗ ಇಷ್ಟು, ಇಷ್ಟು ಹೆಜ್ಜೆ ಕಾಯಬೇಕು' ಅನ್ನೋ ಜಾತಕ ಅದರಲ್ಲಿ. ಎಕ್ಸ್‌ಎಂಪಿ ಅಂದ್ರೆ ಅದರ ಪಕ್ಕದಲ್ಲೇ ಬರೆದಿಟ್ಟ ಎರಡನೇ ಜಾತಕ, ಜೋರಿನದ್ದು. ಎಎಂಡಿಯವರು ಡಿಡಿಆರ್5ಕ್ಕೆ 2022ರಲ್ಲಿ ತಂದ ಅಂಥದ್ದೇ ವ್ಯವಸ್ಥೆ ಎಕ್ಸ್‌ಪೋ. ಡಬ್ಬದ ಮೇಲೆ ಮುದ್ರಿಸೋದು ಈ ಎರಡನೇ ಜಾತಕದ ಅಂಕಿ, ಯಂತ್ರ ತಾನಾಗಿ ಓದೋದು ಮೊದಲನೆಯದ್ದು. ನನ್ನ ಗೆಳೆಯನ 6000, 4800ರ ರಹಸ್ಯ ಇಷ್ಟೇ. ಎರಡನೆಯದನ್ನ ಆನ್ ಮಾಡೋದು ಕಂಪನಿಗಳ ಲೆಕ್ಕದಲ್ಲಿ ಈಗಲೂ ಓವರ್‌ಕ್ಲಾಕಿಂಗೇ. ಅವರು ಆನ್ ಮಾಡಿ ಕೊಡದೇ ಇರೋದು ಅದಕ್ಕೇ.

ಹಳೇ ಸಮತಾಳದ ವಾದವೂ ವಾಪಸ್ ಬಂತು ನೋಡಿ. 2017ರ ಮೊದಲ ರೈಜನ್‌ನಲ್ಲಿ ಪ್ರೊಸೆಸರಿನ ಒಳಗಿನ ಭಾಗಗಳನ್ನ ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಮೆಮೊರಿಯ ತಾಳಕ್ಕೇ ಓಡುತ್ತಿತ್ತು. 2019ರ ರೈಜನ್ 3000ದಲ್ಲಿ ಡಿಡಿಆರ್4-3600ರ ಆಸುಪಾಸಿನವರೆಗೆ ಸಮತಾಳ, ಅದನ್ನ ದಾಟಿದರೆ ಮೆಮೊರಿಯ ಕಂಟ್ರೋಲರು ಅರ್ಧ ತಾಳಕ್ಕೆ ಇಳಿಯುತ್ತೆ, ಹೆಚ್ಚು ದುಡ್ಡು ಕೊಟ್ಟ ಮೆಮೊರಿ ನಿಧಾನವಾಗುತ್ತೆ. 2021ರಲ್ಲಿ ಇಂಟೆಲ್ ಇದನ್ನೇ ಗೇರ್ 1, ಗೇರ್ 2 ಅಂತ ಕರೆಯಿತು. 2004ರಲ್ಲಿ ನಾವು ಜಗಳಾಡಿದ್ದ ವಿಷಯವೇ, ಅಂಗಿ ಬೇರೆ.

ಒಂಬತ್ತನೇ ಬಿಟ್ಟು? ಡಿಡಿಆರ್5 ಚಿಪ್ಪುಗಳು ತಮ್ಮೊಳಗಿನ ತಪ್ಪನ್ನ ತಾವೇ ತಿದ್ದಿಕೊಳ್ಳುತ್ತವೆ. ಆದರೆ ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆಗುವ ತಪ್ಪು ಅದರ ಲೆಕ್ಕಕ್ಕೆ ಬರಲ್ಲ. ವೇಗ ಏರಿಸಿದಾಗ ಎಡವೋದು ಹೆಚ್ಚಾಗಿ ಆ ದಾರಿಯಲ್ಲೇ. ಸರ್ವರುಗಳಲ್ಲಿ ಅದಕ್ಕೆ ಬೇರೆ ಇಸಿಸಿ ಮೆಮೊರಿ ಇರುತ್ತೆ, ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಗೆಳೆಯನಿಗೆ ಇಷ್ಟೆಲ್ಲ ಹೇಳಿ, ಎಕ್ಸ್‌ಪೋ ಆನ್ ಮಾಡಿ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸು, ಅಲ್ಲಿಯವರೆಗೆ ಮಗಳ ಫೋಟೋಗಳನ್ನ ಅದಕ್ಕೆ ಹಾಕಬೇಡ ಅಂದೆ. ಮಾರನೇ ದಿನ ಬೆಳಗ್ಗೆ ಏಳು ಗಂಟೆಗೇ ಫೋನು. ನಾಲ್ಕು ಕಡ್ಡಿ ಹಾಕಿದ್ದನಂತೆ ಪುಣ್ಯಾತ್ಮ, 6000ದಲ್ಲಿ ಮೂರನೇ ಸುತ್ತಿಗೆ ಎರಡು ತಪ್ಪು ಬಂದಿದೆ. ಎರಡು ಕಡ್ಡಿ ತೆಗೆದು ನೋಡು, ಇಲ್ಲಾಂದ್ರೆ 5600ಕ್ಕೆ ಇಳಿಸು ಅಂದೆ.

"ಎರಡೇ ತಪ್ಪು ತಾನೇ, ವಿಂಡೋಸ್ ಚೆನ್ನಾಗೇ ಓಡ್ತಿದೆಯಲ್ಲೋ" ಅಂದ.